ಮಾತಿನಮಲ್ಲಿಯ ಸಾಕ್ಷಿ

ಅಜ್ಜಿಯರು ಹೇಳುವ ಕತೆಗಳಲ್ಲಿ ಹುಲಿಯಿಂದ ಪಾರಾಗುವ ಉಪಾಯವಿದೆ, ರಾಕ್ಷಸನಿಂದ ಪಾರಾಗುವ ಉಪಾಯವಿದೆ. ಉಪಕಾರ ಮಾಡಲು ಹೊರಟವರಿಂದ ಪಾರಾಗುವ ಉಪಾಯವನ್ನು ಮಾತ್ರ ಯಾವ ಅಜ್ಜಿಯೂ ಹೇಳಿಕೊಟ್ಟಿಲ್ಲ. ಹೇಳಿಕೊಟ್ಟಿದ್ದರೆ ದೂರಪ್ಪ ಆ ದಿನ ಬೆಳಿಗ್ಗೆ ತನ್ನ ಲ್ಯಾಪ್‌ಟಾಪಿನ ಪರದೆಯನ್ನು ಬೇರೆಯವರು ಬೆಳಗಿಸಲು ಬಿಡುತ್ತಿರಲಿಲ್ಲ.

ನೀರು ಸರಬರಾಜು ಕಚೇರಿಯಲ್ಲಿ ದೂರಿನ ಫೋನು ಎತ್ತುವುದು ಅವನ ಕೆಲಸ. ಅದಕ್ಕೇ ದೂರಪ್ಪ. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಹುಟ್ಟಿದಾಗಿನಿಂದ ಅವನಿಗೆ ಕಣ್ಣು ಕಾಣದು. ಕಿವಿಯನ್ನು ಮಾತ್ರ ದೇವರು ಪುರುಸೊತ್ತಿನಲ್ಲಿ ಕೂತು ಮಾಡಿದ್ದ. ನಲ್ಲಿ ಕೆಮ್ಮುವ ಸದ್ದು ಕೇಳಿಯೇ ಪೈಪು ಒಡೆದಿದೆಯೋ ಬರೀ ಗಾಳಿ ಸೇರಿದೆಯೋ ಎಂದು ಫೋನಿನಲ್ಲೇ ಹೇಳಿಬಿಡುತ್ತಿದ್ದ.

ಅವನಿಗೆ ಒಂದು ಹುಚ್ಚಿತ್ತು. ಸಂಗೀತದ ಸ್ವರಲಿಪಿ ಬರೆಯುವ ಸಾಫ್ಟ್‌ವೇರ್ ಒಂದನ್ನು ಮೌಸ್ ಮುಟ್ಟದೆ ಬರೀ ಕೀಲಿಮಣೆಯಿಂದ ನಡೆಸುತ್ತಿದ್ದ. ಪರದೆಯ ಮೇಲೆ ಇರುವುದನ್ನೆಲ್ಲ ಸ್ಕ್ರೀನ್ ರೀಡರ್ ಎಂಬ ಹೆಣ್ಣುದನಿ ಅವನ ಕಿವಿಯಲ್ಲಿ ಓದಿ ಹೇಳುತ್ತಿತ್ತು. ಬಾಣದ ಕೀಲಿ ಒತ್ತಿದರೆ "ಕೊಳಲು, ಜಿ, ಕಾಲು ಸ್ವರ." ಇನ್ನೊಮ್ಮೆ ಒತ್ತಿದರೆ "ಬಿ, ಅರ್ಧ ಸ್ವರ." ನುಡಿಸದೆ ಬಿಡಬೇಕಾದ ಕಡೆ "ವಿರಾಮ." ಹೀಗೆ ವಾದ್ಯ, ಸ್ವರ, ಅದರ ಉದ್ದ ಎಂದು ಜಪಮಣಿ ಸರಿಸಿದಂತೆ ಒಂದೊಂದೇ. ಹೆಂಡತಿ ಆ ದನಿಗೆ ಮಾತಿನಮಲ್ಲಿ ಎಂದು ಹೆಸರಿಟ್ಟಿದ್ದಳು.

"ಸವತಿ ಅಂದ್ರೆ ಇವಳೇ ನೋಡಿ. ನಾನು ಹೇಳಿದ್ದು ಒಂದು ಕಿವಿಗೂ ಬೀಳಲ್ಲ. ಇವಳು ಹೇಳಿದ್ದು ಎರಡು ಕಿವಿಗೂ ಬೀಳ್ತದೆ" ಎಂದು ಗೊಣಗುತ್ತಿದ್ದಳು. ಗೊಣಗುತ್ತಲೇ ಅವನ ಪಕ್ಕದಲ್ಲಿ ಕಾಫಿ ಇಟ್ಟು ಹೋಗುತ್ತಿದ್ದಳು.

ಈ ಸವತಿಯ ಜೊತೆ ವರ್ಷಗಟ್ಟಲೆ ಕೂತು ದೂರಪ್ಪ ಒಂದು ರಾಗ ಕಟ್ಟಿದ್ದ. ಒಣಗಿದ ನಲ್ಲಿಗೆ ಮೊದಲು ಉಸಿರು ಬಂದು, ಆಮೇಲೆ ಹನಿ ಬಂದು, ಕೊನೆಗೆ ಧಾರೆ ಬರುವ ರಾಗ. ಅದಕ್ಕೆ 'ಮೊದಲ ನೀರು' ಎಂದು ಹೆಸರಿಟ್ಟಿದ್ದ. ಅದನ್ನು ಅವನು ಕೇಳಿದ್ದೆಲ್ಲ ಯಂತ್ರದ ತಗಡು ಕೊಳಲಿನಿಂದ. ಒಂದೇ ಒಂದು ಸಲ ಮನುಷ್ಯರ ಉಸಿರಿನಲ್ಲಿ ಕೇಳಬೇಕೆಂಬುದು ಅವನ ಆಸೆ. ಆ ಸಂಜೆ ಕಚೇರಿಯ ವಾರ್ಷಿಕೋತ್ಸವ. ಕಚೇರಿಯ ಬ್ಯಾಂಡು ಅದನ್ನು ನುಡಿಸುವುದೆಂದು ಸಾಹೇಬರೇ ಆಮಂತ್ರಣದಲ್ಲಿ ಅಚ್ಚು ಹಾಕಿಸಿದ್ದರು.

ಬ್ಯಾಂಡಿನ ಮೇಲೆ ದೂರಪ್ಪನಿಗೆ ದೇವರ ಮೇಲಿನಷ್ಟೇ ನಂಬಿಕೆ. ಪ್ರತಿ ವರ್ಷ ಅವರು ನುಡಿಸುವ ಹಳೆಯ ಮಾರ್ಚನ್ನು, ಅಂದರೆ ಕವಾಯತಿನ ಧಾಟಿಯನ್ನು, ಅವನೇ ಕೇಳಿ ಸ್ವರಲಿಪಿಗೆ ಇಳಿಸಿಕೊಟ್ಟಿದ್ದ. ಅದನ್ನು ಮುಂದಿಟ್ಟುಕೊಂಡು ಅವರು ಒಂದು ಸ್ವರವೂ ತಪ್ಪದ ಹಾಗೆ ನುಡಿಸುತ್ತ ಬಂದಿದ್ದರು. ಹಾಳೆ ತಿರುವುವ ಸದ್ದು ಸಹ ಎಲ್ಲರದೂ ಒಟ್ಟಿಗೇ. ಶಿಸ್ತೆಂದರೆ ಅದು.

ಬೆಳಿಗ್ಗೆ ಕಚೇರಿಗೆ ಬೇಗ ಬಂದು, ಇಯರ್‌ಫೋನ್ ಸಿಕ್ಕಿಸಿಕೊಂಡು, ಕಪ್ಪು ಪರದೆಯ ಮುಂದೆ ಕೂತು ಕೊನೆಯ ತಿದ್ದುಪಡಿ ಮಾಡುತ್ತಿದ್ದ. ಆಗ ಒಳಗೆ ಬಂದವನು ಮೀಟರಣ್ಣ. ಮನೆಮನೆಯ ನೀರಿನ ಮೀಟರು ನೋಡುವವನು, ಬ್ಯಾಂಡಿನಲ್ಲಿ ಕ್ಲಾರಿನೆಟ್ಟು.

"ಅಯ್ಯೋ ದೂರಪ್ಪಣ್ಣ! ಸ್ಕ್ರೀನ್ ಆರಿಹೋಗಿದೆ, ಹಾಗೇ ಕುಟ್ತಾ ಇದೀರಲ್ಲ!"

"ಆರಿಲ್ಲ ಮಾರಾಯ, ನಾನೇ ಆರಿಸಿರೋದು. ನನಗೆ ಬೆಳಕು ಯಾಕೆ? ಬ್ಯಾಟರಿಗೆ ಕೇಡು."

"ಹಾಗಂದ್ರೆ ಹೇಗೆ? ನಾವಿಲ್ವಾ?"

ಈ 'ನಾವಿಲ್ವಾ' ಎಂಬ ಮಾತಿನಿಂದ ಲೋಕದಲ್ಲಿ ಮುಳುಗಿದ ಮನೆಗಳಿಗೆ ಲೆಕ್ಕವಿಲ್ಲ. ಮೀಟರಣ್ಣ ಪರದೆ ಬೆಳಗಿಸಿದ. ಅದರ ತುಂಬ ಕಪ್ಪು ಚುಕ್ಕೆ, ಕಡ್ಡಿ, ಬಾಲ. ಜಾತ್ರೆಗೆ ಹೊರಟ ಇರುವೆ ಸಾಲು ಕಂಡವನಂತೆ ಕಣ್ಣರಳಿಸಿ, ಮೌಸ್ ಹಿಡಿದು ಎಲ್ಲೋ ಒಂದು ಕಡೆ ಒತ್ತಿದ. ಅಷ್ಟೇ ಸಾಲದೆಂದು "ನಿಮ್ಮಾಕೆ ಏನಂತಾಳೆ, ನಾವೂ ಕೇಳೋಣ" ಎಂದು ಇಯರ್‌ಫೋನನ್ನು ಕಿತ್ತ. ಅದೇ ಹೊತ್ತಿಗೆ ದೂರಿನ ಫೋನು ಹೊಡೆದುಕೊಂಡಿತು.

ದೂರಪ್ಪ ಒಂದು ಕೈಯಲ್ಲಿ ಫೋನು ಹಿಡಿದು, ಇನ್ನೊಂದು ಕೈಯಲ್ಲಿ ಕೊಳಲಿನ ಸಾಲು ತಿದ್ದತೊಡಗಿದ.

"ಸ್ವಾಮೀ, ನಮ್ಮ ಬೀದೀಲಿ ಸೋಮವಾರದಿಂದ ನೀರಿಲ್ಲ" ಎಂದಿತು ಫೋನಿನೊಳಗಿನ ದನಿ.

"ವಿರಾಮ" ಎಂದಳು ಮಾತಿನಮಲ್ಲಿ, ಕೋಣೆಯೆಲ್ಲ ಕೇಳುವಂತೆ.

"ಏನಂದ್ರಿ? ಕುಡಿಯೋಕೂ ನೀರಿಲ್ಲ ರೀ!"

"ವಿರಾಮ. ವಿರಾಮ. ದೀರ್ಘ ವಿರಾಮ."

"ಯಾರಮ್ಮ ನೀನು? ಜನ ಬಾಯಾರಿ ಸಾಯ್ತಾ ಇದ್ರೆ ವಿರಾಮ ಅಂತೀಯಾ? ಹೆಸರು ಹೇಳು, ಮೇಲಿನವರಿಗೆ ಬರೀತೀನಿ!"

"ಡ್ರಮ್" ಎಂದಳು ಮಾತಿನಮಲ್ಲಿ.

ಅವಳು ಎಚ್ಚರಿಸಿದ್ದು ದೂರಪ್ಪನನ್ನು. ಮೀಟರಣ್ಣ ಮೌಸ್ ಒತ್ತಿದಾಗ ಕರ್ಸರು ಕೊಳಲಿನಿಂದ ಜಾರಿ ಡ್ರಮ್ಮಿನ ಸಾಲಿಗೆ ಬಿದ್ದಿತ್ತು. ಇಷ್ಟು ಹೊತ್ತು ಅವನು ಕೊಳಲಿನ ಕೋಮಲ ಸ್ವರಗಳನ್ನೆಲ್ಲ ಡ್ರಮ್ಮಿನ ತಲೆಗೆ ಕಟ್ಟಿದ್ದ. ಫೋನಿನವನಿಗೆ ಕೈಮುಗಿದು, ಮಾಡಿದ್ದನ್ನೆಲ್ಲ ಒಂದೊಂದಾಗಿ ಅಳಿಸುವಷ್ಟರಲ್ಲಿ ಅವನ ಅಂಗಿ ಒದ್ದೆಯಾಗಿತ್ತು.

ಇಯರ್‌ಫೋನ್ ಎಲ್ಲಿ ಬಿತ್ತೆಂದು ಮೇಜಿನ ಕೆಳಗೆ ತಡಕುತ್ತಿರುವಾಗ ಟೈಪಿಂಗ್ ಅಕ್ಕನ ಚಪ್ಪಲಿಯ ಸದ್ದು ಬಂತು. ಅಕ್ಕ ಬ್ಯಾಂಡಿನವಳಲ್ಲ. ಆದರೆ ಕಚೇರಿಯಿಂದ ಹೊರಡುವ ಯಾವ ಹಾಳೆಯೂ ಅವಳ ಕಣ್ಣು ತಪ್ಪಿಸಿ ಹೋಗುವಂತಿರಲಿಲ್ಲ.

"ಇದೇನು ದೂರಪ್ಪ, ಒಂದು ಚುಕ್ಕೆ ಮೇಲೆ, ಒಂದು ಚುಕ್ಕೆ ಕೆಳಗೆ! ಸಾಹೇಬರ ಮುಂದೆ ಇಂಥ ಪೇಜು ಇಡ್ತಾರಾ?"

"ಅಕ್ಕಾ, ಅದು ಹಾಗೇ ಇರಬೇಕು. ಕೈ ಹಾಕ್ಬೇಡಿ ತಾಯಿ!"

"ನಿನಗೆ ಕಾಣಲ್ಲ ಪಾಪ. ನೀನು ಸುಮ್ನಿರು, ನಾನು ಸರಿ ಮಾಡ್ತೀನಿ."

ಅವನು ಮೇಜಿನ ಕೆಳಗಿಂದ ತಲೆ ಎತ್ತಿ, ಅಂಚಿಗೆ ಹಣೆ ಬಡಿಸಿಕೊಂಡು, ಕುರ್ಚಿ ತಲುಪುವಷ್ಟರಲ್ಲಿ ಅಕ್ಕ ಕೊಳಲಿನ ಸ್ವರಗಳನ್ನೆಲ್ಲ ಎಳೆದೆಳೆದು ಒಂದೇ ಗೆರೆಯ ಮೇಲೆ ಕೂರಿಸಿದ್ದಳು. ದೂರಪ್ಪ ಬಾಣದ ಕೀಲಿ ಒತ್ತಿದ.

"ಜಿ" ಎಂದಳು ಮಾತಿನಮಲ್ಲಿ. "ಜಿ. ಜಿ. ಜಿ. ಜಿ."

"ನೋಡು, ಅವಳೂ ಜೀ ಜೀ ಅಂತ ಒಪ್ಕೊಂಡ್ಲು" ಎಂದಳು ಅಕ್ಕ.

ಬ್ಯಾಂಡ್ ಮೇಷ್ಟ್ರು ಬಂದದ್ದು ಆಗ. ಉಗ್ರಾಣದಲ್ಲಿ ಪೈಪು, ನಟ್ಟು, ಬೋಲ್ಟು ಕಾಯುವ ಹಿರಿಯರು. ಕೈಯಲ್ಲಿ ಕೋಲು ಹಿಡಿದರೆ ಇಡೀ ಬ್ಯಾಂಡು ಉಸಿರು ಬಿಗಿಹಿಡಿಯುತ್ತಿತ್ತು. ಅವರು ಪರದೆಯ ಮುಂದೆ ಬಗ್ಗಿ, ಗಂಟಲು ಸರಿಮಾಡಿಕೊಂಡು, ಬಹಳ ಹೊತ್ತು ನೋಡಿದರು.

"ಹ್ಞೂಂ... ಹ್ಞೂಂ... ತೂಕ ಇದೆ ಕಣೋ ದೂರಪ್ಪ. ಅಕ್ಕನ ಕೈ ಬಿದ್ದ ಮೇಲಂತೂ ಕಣ್ಣಿಗೆ ಕಟ್ಟೋ ಹಾಗಿದೆ."

ಹೆಂಗಸರ ಮನಸ್ಸು ನೋಯಿಸದ ದೊಡ್ಡತನ ಎಂದುಕೊಂಡ ದೂರಪ್ಪ. ಅಕ್ಕ ಚಹಾಕ್ಕೆ ಹೋಗುವವರೆಗೆ ಕಾದು, ಕೂರಿಸಿದ ಸ್ವರಗಳನ್ನೆಲ್ಲ ಮತ್ತೆ ಎಬ್ಬಿಸಿ ಅವುಗಳ ಜಾಗಕ್ಕೆ ಕಳಿಸಿದ. ಮೊದಲಿನಿಂದ ಕೊನೆಯವರೆಗೆ ಮಾತಿನಮಲ್ಲಿಯಿಂದ ಓದಿಸಿ ಕೇಳಿದ. ಎಲ್ಲವೂ ಸರಿಯಿತ್ತು. ಪ್ರಿಂಟರಿನಿಂದ ಹಾಳೆಗಳು ಬೆಚ್ಚಗೆ ಹೊರಬಂದಾಗ ಹಸುಗೂಸನ್ನು ಎತ್ತಿಕೊಂಡಂತೆ ಎದೆಗೊತ್ತಿಕೊಂಡು ಮೇಷ್ಟ್ರ ಕೈಗೆ ಕೊಟ್ಟ.

"ಮೇಷ್ಟ್ರೇ, ಒಂದೇ ಒಂದು ಸಲ ತಾಲೀಮು..."

"ಓದೋಕೆ ಬರೋರಿಗೆ ತಾಲೀಮು ಯಾತಕ್ಕೋ? ಅದು ಬಾಯಿಪಾಠ ಮಾಡೋರಿಗೆ" ಎಂದರು ಮೇಷ್ಟ್ರು.

ಸಂಜೆ ಸಭಾಂಗಣ ತುಂಬಿತ್ತು. ದೂರಪ್ಪನ ಪಕ್ಕದಲ್ಲಿ ಹೆಂಡತಿ ಹೊಸ ಸೀರೆ ಉಟ್ಟು ಕೂತಿದ್ದಳು. ಸೀರೆಯ ಗರಿಗರಿ ಸದ್ದು ಅವನಿಗೆ ಕೇಳಿಸುತ್ತಿತ್ತು. "ನಿಮ್ಮ ಹೆಸರು ಮೈಕಲ್ಲಿ ಹೇಳಿದ್ರು ಕಣ್ರೀ. ನಿಜವಾದ ಹೆಸರು!" ಎಂದು ಅವನ ಕೈ ಅದುಮಿದಳು. ದೂರಪ್ಪ ಮನಸ್ಸಿನಲ್ಲೇ ದೇವರಿಗೆ ಕೈಮುಗಿದು ಉಸಿರು ಬಿಗಿಹಿಡಿದ. ಈಗ ಕೊಳಲು. ಒಂಟಿ ಕೊಳಲು. ಒಣಗಿದ ನಲ್ಲಿಯ ಮೊದಲ ಉಸಿರು.

ಢಂ! ಢಂ! ಢಮಢಮ ಢಂ!

ಬಂದದ್ದು ಹಳೆಯ ಮಾರ್ಚು. ಅದೇ ತುತ್ತೂರಿ, ಅದೇ ಠೀವಿ. ನಡುನಡುವೆ ಎಲ್ಲರೂ ಒಟ್ಟಿಗೆ ಹಾಳೆ ತಿರುವುವ ಸದ್ದು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು.

ದೂರಪ್ಪ ಲ್ಯಾಪ್‌ಟಾಪಿನ ಚೀಲ ಹೆಗಲಿಗೇರಿಸಿ, ವೇದಿಕೆಯ ಹಿಂದಿನ ಕೋಣೆಗೆ ಹೆಂಡತಿಯ ಭುಜ ಹಿಡಿದು ಓಡಿದ. ಕ್ಲಾರಿನೆಟ್ಟು ಒರೆಸುತ್ತಿದ್ದ ಮೀಟರಣ್ಣ ಸಿಕ್ಕಿದ.

"ಏನಯ್ಯಾ ಮಾಡಿದ್ರಿ? ನಾನು ಬರೆದದ್ದು ಎಲ್ಲಿ ಹೋಯ್ತು?"

ಮೀಟರಣ್ಣ ಅವನನ್ನು ಮೂಲೆಗೆ ಎಳೆದ. "ಮೆಲ್ಲಗೆ ಮಾತಾಡಿ ಅಣ್ಣ. ನಮ್ಮಲ್ಲಿ ಯಾರಿಗೆ ಅದನ್ನೆಲ್ಲ ಓದೋಕೆ ಬರ್ತದೆ ಹೇಳಿ?"

"ಮತ್ತೆ ಇಷ್ಟು ವರ್ಷ?"

"ಆ ಮಾರ್ಚು ನಮಗೆ ನಿದ್ದೇಲೂ ಬರ್ತದೆ. ಕಾಗದ ಮುಂದೆ ಇದ್ರೆ ಒಂದು ಗಾಂಭೀರ್ಯ, ಅಷ್ಟೇ."

"ಎಲ್ಲರೂ ಒಟ್ಟಿಗೇ ಹಾಳೆ ತಿರುವ್ತೀರಲ್ಲೋ!"

"ಮೇಷ್ಟ್ರು ತಿರುವಿದಾಗ ನಾವೂ ತಿರುವ್ತೀವಿ."

"ಮೇಷ್ಟ್ರು ಯಾವಾಗ ತಿರುವ್ತಾರೆ?"

"ಸೆಕೆ ಆದಾಗ. ಸ್ವಲ್ಪ ಗಾಳಿ ಬರ್ತದಲ್ಲ."

ಅಷ್ಟರಲ್ಲಿ ಸಾಹೇಬರ ಬೂಟಿನ ಸದ್ದು. "ಏನ್ರೀ ದೂರಪ್ಪ! ಹೊಸ ರಾಗ ಅಂತ ಅಚ್ಚು ಹಾಕಿಸಿದೀನಿ. ಇದು ನಮ್ಮ ಹಳೇ ಮಾರ್ಚು ಅಲ್ವೇನ್ರೀ? ಇಪ್ಪತ್ತು ವರ್ಷದಿಂದ ಕೇಳ್ತಿದೀನಿ. ಕದಿಯೋದೇ ಆದ್ರೆ ಬೇರೆ ಇಲಾಖೆಯದ್ದು ಕದೀಬಾರದಾ?"

"ಸಾರ್, ನಾನು ಬರೆದದ್ದೇ ಬೇರೆ. ಇವರು ನುಡಿಸಿದ್ದೇ ಬೇರೆ."

"ಕಾಗದದಲ್ಲಿ ಏನಿದೆಯೋ ಅದನ್ನೇ ನುಡಿಸಿದ್ವಿ ಸಾರ್" ಎಂದರು ಬ್ಯಾಂಡ್ ಮೇಷ್ಟ್ರು ಶಾಂತವಾಗಿ. "ಬೇಕಾದ್ರೆ ತಾವೇ ನೋಡಿ."

ಸಾಹೇಬರು ಕನ್ನಡಕ ಏರಿಸಿ ಹಾಳೆ ಹಿಡಿದರು. ಕಡತ ಓದುವವರಂತೆ ಗೆರೆಯ ಮೇಲೆ ಬೆರಳಾಡಿಸಿ, ಕೊನೆಯ ಪುಟಕ್ಕೆ ಬಂದು ಸಹಿ ಹುಡುಕಿದರು.

"ಹೌದ್ರೀ. ಅದೇ ಇದೆ" ಎಂದರು ಗಂಭೀರವಾಗಿ. ಸುತ್ತ ಬಗ್ಗಿ ನೋಡಿದ ಇಡೀ ಬ್ಯಾಂಡು "ಅದೇ ಸಾರ್, ಅದೇ" ಎಂದಿತು. ಆ ಕೋಣೆಯಲ್ಲಿ ಆ ಹಾಳೆಯನ್ನು ಓದಿದ್ದವನು ಒಬ್ಬನೇ. ಅವನಿಗೆ ಕಣ್ಣಿಲ್ಲವಾದ್ದರಿಂದ ಅವನ ಮಾತು ನಡೆಯಲಿಲ್ಲ.

"ಸಾರ್, ಯಂತ್ರದ ಹತ್ತಿರ ಓದಿಸ್ತೀನಿ. ಅದಕ್ಕೆ ಯಾರ ಹಂಗೂ ಇಲ್ಲ" ಎಂದು ದೂರಪ್ಪ ಲ್ಯಾಪ್‌ಟಾಪು ತೆರೆದ. ಮಾತಿನಮಲ್ಲಿ ಸಾಕ್ಷಿಕಟ್ಟೆ ಹತ್ತಿದಳು.

"ಕೊಳಲು. ಜಿ, ಕಾಲು ಸ್ವರ. ಬಿ, ಅರ್ಧ ಸ್ವರ. ವಿರಾಮ."

"ಕೇಳಿದ್ರಾ ಸಾರ್? ಜಿ, ಆಮೇಲೆ ಬಿ! ನಾವು ನುಡಿಸಿದ್ದೂ ಅದೇ!" ಎಂದರು ಮೇಷ್ಟ್ರು.

"ಸ್ಪಷ್ಟವಾಗಿ ಹೇಳ್ತಾ ಇದೆಯಲ್ರೀ" ಎಂದರು ಸಾಹೇಬರು. "ಯಂತ್ರ ಸುಳ್ಳು ಹೇಳಲ್ಲ."

"ನಮ್ಮ ಯಜಮಾನ್ರು ಸುಳ್ಳು ಹೇಳ್ತಾರಾ ಹಾಗಾದ್ರೆ?" ಎಂದು ಹೆಂಡತಿ ಸೆರಗು ಸಿಕ್ಕಿಸಿದಳು. "ರೀ, ಅವಳನ್ನ ಓದಿಸಬೇಡಿ. ಹಾಡಿಸಿ!"

ಗಾಬರಿಯಲ್ಲಿ ಹೊಳೆಯದಿದ್ದದ್ದು ಈಗ ಹೊಳೆಯಿತು. ಸಾಫ್ಟ್‌ವೇರು ಬರೆದದ್ದನ್ನು ನುಡಿಸಿಯೂ ತೋರಿಸುತ್ತಿತ್ತು. ದೂರಪ್ಪ ಕೀಲಿ ಒತ್ತಿದ.

ತಗಡಿನ ಕೊಳಲು ಮೆಲ್ಲಗೆ ಉಸಿರೆಳೆಯಿತು. ಒಂದು ಹನಿ. ಇನ್ನೊಂದು ಹನಿ. ಆಮೇಲೆ ಧಾರೆ. ತುತ್ತೂರಿಯವನು ತುತ್ತೂರಿ ಕೆಳಗಿಟ್ಟ. ಮೀಟರಣ್ಣ ಮೂಗು ಒರೆಸಿಕೊಂಡ. ದೇವರ ದಯೆ, ಸತ್ಯ ಹೊರಬಿತ್ತು ಎಂದುಕೊಂಡ ದೂರಪ್ಪ.

ಸಾಹೇಬರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಆಮೇಲೆ ಅವರ ದನಿ ಗುಡುಗಿತು.

"ಎಂಥಾ ಮನುಷ್ಯನ್ರೀ ನೀವು! ಇಷ್ಟು ಒಳ್ಳೇ ರಾಗಾನ ನಿಮ್ಮ ಪೆಟ್ಟಿಗೇಲಿ ಬಚ್ಚಿಟ್ಕೊಂಡು, ಕದ್ದ ಮಾಲು ಬರೆದು ಕಚೇರಿಗೆ ಕೊಟ್ಟಿದೀರಾ?"

"ಸಾರ್, ಆ ಹಾಳೇಲಿರೋದೇ ಇದು!"

"ನನ್ನ ಕಣ್ಣಾರೆ ಓದಿದೀನಿ ಕಣ್ರೀ! ನನಗೇ ಹೇಳ್ತೀರಾ?" ಸಾಹೇಬರು ಬ್ಯಾಂಡಿನ ಕಡೆ ತಿರುಗಿದರು. "ನೋಡ್ರಪ್ಪ, ಇನ್ನುಮೇಲೆ ಇವರು ಏನೇ ಬರೆದ್ರೂ ಕಣ್ಣಿರೋರು ಒಬ್ಬರು ಓದಿ, ಸರಿ ಇದೆ ಅಂತ ರುಜು ಹಾಕಿದ ಮೇಲೇ ನುಡಿಸಬೇಕು. ಮೇಷ್ಟ್ರೇ, ಆ ಜವಾಬ್ದಾರಿ ನಿಮ್ಮದು."

ಬ್ಯಾಂಡ್ ಮೇಷ್ಟ್ರು ಕೋಲನ್ನು ಕಂಕುಳಿಗೆ ಸಿಕ್ಕಿಸಿ, ದೂರಪ್ಪನ ಭುಜದ ಮೇಲೆ ಪ್ರೀತಿಯಿಂದ ಕೈಯಿಟ್ಟರು.

"ಚಿಂತೆ ಮಾಡ್ಬೇಡಿ ಸಾರ್. ಇವನಿಗೆ ಪಾಪ ಕಾಣಲ್ಲ. ನಾವಿಲ್ವಾ?"