ಎದುರುಬದುರು ಕೂರುವ ದೋಣಿ

ಕೈಯಲ್ಲಿ ನಾಲ್ಕು ಕಾಸು ಹೆಚ್ಚಾಗಿ ಓಡಾಡತೊಡಗಿದರೆ ಮನುಷ್ಯನ ಹುಟ್ಟೂರು ಅವನೊಳಗಿನಿಂದ ಮೆಲ್ಲಗೆ ತಲೆ ಹೊರಗೆ ಹಾಕುತ್ತದೆ ಎಂಬುದು ನನ್ನ ನಂಬಿಕೆ. ಹೈದರಾಬಾದಿನ ಮಾದಾಪುರದಲ್ಲಿ ಗಾಜಿನ ಕಟ್ಟಡಗಳು ಒಂದರ ಪಕ್ಕ ಒಂದು ಎದ್ದು ನಿಲ್ಲುತ್ತಿದ್ದ ಕಾಲ ಅದು. ದೂರದೇಶದವರ ಕೆಲಸವೆಲ್ಲ ಬಂದು ನಮ್ಮ ಮೇಜಿನ ಮೇಲೆ ಬೀಳುತ್ತಿತ್ತು, ಹಿಂದೆಯೇ ಬೋನಸ್ಸೂ ಬೀಳುತ್ತಿತ್ತು. ನನ್ನ ಪಕ್ಕದ ಮೇಜಿನ ವೆಂಕಟ್ ಗುಂಟೂರಿನ ಕಡೆಯವನು. ಬೋನಸ್ ಬಂದದ್ದೇ ತಡ, ಊರ ಹೊರಗೆ ಒಂದು ಕೆರೆಯ ಪಕ್ಕದಲ್ಲಿ ತುಂಡು ಜಮೀನು ಕೊಂಡು ಮೆಣಸಿನಕಾಯಿ ಗಿಡ ನೆಟ್ಟ. ಪಂಜಾಬಿನ ನಮ್ಮ ಮ್ಯಾನೇಜರು ಫ್ಲ್ಯಾಟಿನಲ್ಲಿ ಎಮ್ಮೆ ಕಟ್ಟಲು ಬರುವುದಿಲ್ಲವಲ್ಲ ಎಂದು ಕೊರಗಿ, ಕೊನೆಗೆ ಆಳೆತ್ತರದ ಫ್ರಿಜ್ ತಂದು ಅದರ ತುಂಬ ಮೊಸರಿಟ್ಟುಕೊಂಡರು. ನಾನು ಹೊನ್ನಾವರದ ಕಡೆಯವನು. ನನಗೆ ದೋಣಿ ಬೇಕೆನಿಸಿತು.

ಕರಾವಳಿಯವನು ಎಂದರೆ ಹೈದರಾಬಾದಿನ ಜನ ನನ್ನನ್ನು ಸಮುದ್ರದಿಂದ ನೇರವಾಗಿ ಎದ್ದು ಬಂದವನಂತೆ ನೋಡುತ್ತಿದ್ದರು. ನಿಜ ಏನೆಂದರೆ ನಮ್ಮಪ್ಪ ಪೋಸ್ಟಾಫೀಸಿನಲ್ಲಿದ್ದರು. ನಾನು ನೀರು ನೋಡಿದ್ದೆಲ್ಲ ಶಾಲೆಗೆ ಹೋಗುವಾಗ ಸೇತುವೆಯ ಮೇಲೆ ಬಸ್ಸಿನ ಕಿಟಕಿಯಿಂದ, ಮೀನು ನೋಡಿದ್ದೆಲ್ಲ ತಟ್ಟೆಯಲ್ಲಿ. ಆದರೂ ನಸುಕಿನಲ್ಲಿ ತಣ್ಣಗಿನ ನೀರ ನಡುವೆ ಗಾಳ ಇಳಿಬಿಟ್ಟು ಸುಮ್ಮನೆ ಕೂತಿರುವ ಒಬ್ಬ ಶ್ರೀಧರ, ಅಂದರೆ ನಾನೇ, ನನ್ನ ಕಣ್ಣಮುಂದೆ ಸುಳಿದಾಡುತ್ತಲೇ ಇದ್ದ. ವೆಂಕಟ್‌ಗೆ ಹೇಳಿದೆ. “ಬೋಟಾ? ಎಂದುಕು ಬಾಸ್?” ಎಂದು ಯಾಕೆಂದು ಕೇಳಿದ. ಉತ್ತರ ಬರುವ ಮುಂಚೆಯೇ, ತನ್ನ ಜಮೀನಿನ ಶೆಡ್ಡಿನಲ್ಲಿ ಅದನ್ನು ಇಟ್ಟುಕೊಳ್ಳಬಹುದೆಂದೂ ಹೇಳಿದ. ಆ ಕೆರೆಯ ಮೀನುಗಾರರ ಸಂಘದವರು ನಾನು ಭಾನುವಾರ ಗಾಳ ಹಾಕಲು ಒಪ್ಪಿಗೆ ಕೊಟ್ಟರು. ಉಳಿದದ್ದು ಮನೆಯವರು.

ಮನೆಯೆಂದರೆ ದಿಲ್‌ಸುಖ್‌ನಗರದಲ್ಲಿರುವ ನನ್ನ ಮಾವನ ಮನೆ. ಕೆಳಗೆ ಅತ್ತೆ-ಮಾವ, ಮೇಲೆ ನಾನು ಮತ್ತು ನನ್ನ ಹೆಂಡತಿ ಸುಜಾತಾ. ಅವರ ಹಿರಿಯರು ರಾಯಚೂರಿನ ಕಡೆಯಿಂದ ಬಂದು ತಲೆಮಾರುಗಳಿಂದ ಇಲ್ಲಿ ಸರ್ಕಾರಿ ಖಜಾನೆಯಲ್ಲಿ ಕೆಲಸ ಮಾಡಿದವರು. ಮಾವನೂ ಅಲ್ಲೇ ನಿವೃತ್ತರಾದರು. ಈರುಳ್ಳಿಯ ಆಚೆಗೆ ದಾಟದ ಅಡುಗೆ. ಅಂಥ ಮನೆಯ ಒಬ್ಬಳೇ ಮಗಳು ಮೀನು ತಿನ್ನುವವನನ್ನು ಮೆಚ್ಚಿ ಮದುವೆಯಾಗಿದ್ದಳು. ಮದುವೆಗೆ ಮಾವ ಬಂದರು, ಅಕ್ಷತೆ ಹಾಕಿದರು, ಮೇಲಿನ ಮನೆಯ ಬೀಗದ ಕೈಯನ್ನೂ ಕೊಟ್ಟರು. ಮಾತು ಮಾತ್ರ ಕೊಡಲಿಲ್ಲ. ನಾನೂ ನನ್ನ ಕಡೆಯಿಂದ ಆ ಮನೆಯ ಹೊಸ್ತಿಲೊಳಗೆ ಎಂದೂ ಮೀನು ತರಲಿಲ್ಲ. ತಿನ್ನಬೇಕೆನಿಸಿದರೆ ಮಾದಾಪುರದಲ್ಲೇ ತಿಂದು, ಸೋಂಪು ಜಗಿದು ಬರುತ್ತಿದ್ದೆ.

ಮಾವನವರದು ಒರಟು ಮೌನವಲ್ಲ. ಅವರು ನನ್ನ ಜೊತೆ ಮಾತಾಡದೆಯೇ ನನಗೆ ಎಲ್ಲವನ್ನೂ ಹೇಳಬಲ್ಲವರಾಗಿದ್ದರು. ಸುಜಾತಾ ಇದ್ದರೆ, ನಾನು ಮೊಣಕೈ ದೂರದಲ್ಲಿ ಕೂತಿದ್ದರೂ, “ಅವರಿಗೆ ಹೇಳವಾ, ಛತ್ರಿ ತಗೊಂಡು ಹೋಗಂತ” ಎನ್ನುವರು. ಅವಳಿಲ್ಲದಿದ್ದರೆ ಕರ್ತೃವೇ ಇಲ್ಲದ ವಾಕ್ಯಗಳನ್ನು ಗೋಡೆಗೆ ಹೇಳುವರು: “ಮ್ಯಾಲೆ ನಳ ಬಂದ್ ಮಾಡೂದು ಮರ್ತಂಗ ಕಾಣತೈತಿ.” ನಾನೂ ಅದೇ ಗೋಡೆಗೆ, “ಈಗಲೇ ಬಂದ್ ಮಾಡಿದರಾಯಿತು” ಎಂದು ಉತ್ತರಿಸಿ ಮೆಟ್ಟಿಲು ಹತ್ತುತ್ತಿದ್ದೆ. ನೀವು-ತಾವು ಎಂಬ ಪದಗಳಿಲ್ಲದೆ ಕನ್ನಡದಲ್ಲಿ ಒಂದು ಸಂಸಾರವನ್ನೇ ನಡೆಸಬಹುದು ಎಂಬುದಕ್ಕೆ ನಮ್ಮ ಮನೆ ಸಾಕ್ಷಿಯಾಗಿತ್ತು. ಸುಜಾತಾಗೆ ಮಾತ್ರ ಇದು ಒಳಗೊಳಗೇ ಕೊರೆಯುತ್ತಿತ್ತು. “ನಾ ಊರಿಗೆ ಹೋದರ ನೀವಿಬ್ಬರೂ ಗೋಡಿಗೆ ಬಡಕೊಂಡು ಕೂಡೂದ” ಎಂದು ಒಮ್ಮೆ ನಗುತ್ತಲೇ ಹೇಳಿ, ನಗು ಮುಗಿಯುವ ಮೊದಲೇ ಒಳಗೆ ಎದ್ದು ಹೋಗಿದ್ದಳು.

ದೋಣಿಯ ವಿಷಯವನ್ನು ನಾನು ಸುಜಾತಾಗೆ ಹೇಳಿದ್ದು ಮೀನು ಹಿಡಿಯಲು ಎಂದು. ಅವಳು ಕೆಳಗೆ ಹೋಗಿ ಹೇಳಿದ್ದು ಎಲ್ಲರೂ ಸೇರಿ ನೀರಿನ ಮೇಲೆ ತಿರುಗಾಡಲು ಎಂದು. ಹೀಗಾಗಿ ಒಂದೇ ಮನೆಯಲ್ಲಿ ಎರಡು ದೋಣಿಗಳು ತಯಾರಾದವು. ನನ್ನ ದೋಣಿ ಉದ್ದಕ್ಕೆ, ಸಪೂರಕ್ಕೆ, ಅಂಚು ತಗ್ಗಾಗಿ, ಮೇಲೆ ಏನೂ ಇಲ್ಲದೆ, ಗಾಳ ಬೀಸಲು ಹೇಳಿ ಮಾಡಿಸಿದಂತಿತ್ತು. ನಮ್ಮ ಅತ್ತೆ ನೀಲಮ್ಮನವರ ದೋಣಿಗೆ ಬೆನ್ನು ಒರಗಿಸುವ ಸೀಟು, ಬಿಸಿಲಿಗೆ ಚಪ್ಪರ, ಬುತ್ತಿ ಇಡಲು ಗೂಡು ಇದ್ದವು. “ಕೈ ತೊಳಕೊಳ್ಳಾಕ ನೀರಿಂದೊಂದು ವ್ಯವಸ್ಥಾ ಇರಬೇಕವಾ” ಎಂದರು. ಕೆರೆಯ ನಡುವೆ ಅದಕ್ಕೇನು ಕೊರತೆ ಎಂದು ಯಾರೂ ಅವರಿಗೆ ಹೇಳಲಿಲ್ಲ. ಮಾವ ಪತ್ರಿಕೆಯಿಂದ ತಲೆ ಎತ್ತದೆ, “ನೀರಾಗ ಹಾಕಾಕ ರೊಕ್ಕ ಭಾಳ ಆಗ್ಯಾವಂತ ಕಾಣತೈತಿ” ಎಂದು ಗೋಡೆಗೆ ಹೇಳಿದರು.

ಹೈದರಾಬಾದಿನಲ್ಲಿ ಮುತ್ತು ಕೊಳ್ಳುವುದು ಸುಲಭ, ದೋಣಿ ಕೊಳ್ಳುವುದು ಕಷ್ಟ. ಎಲ್ಲವೂ ಸಿಗುವ ಜಾಗವೆಂದು ಬೇಗಂ ಬಜಾರಿಗೆ ಹೋದೆ. ಒಬ್ಬ ವ್ಯಾಪಾರಿ ಬಹಳ ಗೌರವದಿಂದ ಕೂರಿಸಿ, ಚಹಾ ತರಿಸಿ, ಶೋಕೇಸಿನಲ್ಲಿಡುವ ಹಿತ್ತಾಳೆಯ ದೋಣಿ ತೋರಿಸಿದ. ನಾನು ಕೂರುವಂಥದ್ದು ಬೇಕೆಂದಾಗ, ಗಿರಾಕಿ ಕೈತಪ್ಪಬಾರದೆಂದು ಮದುವೆಮನೆಗೆ ಅಡುಗೆ ಮಾಡುವ ಕಡಾಯಿಯೊಂದನ್ನು ಹೊರಗೆಳೆಸಿದ. ನನ್ನ ಅಳತೆಗೆ ಅದು ಸರಿಯಾಗಿಯೇ ಇತ್ತು. ಮೂರನೆಯ ಅಂಗಡಿಯವನು ಊರಾಚೆ ಖಾದರ್ ಸಾಬರ ಫೈಬರ್ ಕಾರ್ಖಾನೆ ಇದೆಯೆಂದ. ಅವರು ನೀರಿನ ಟ್ಯಾಂಕು, ಮಕ್ಕಳ ಜಾರುಬಂಡೆ, ಪಾರ್ಕಿನ ದೋಣಿ ಎಲ್ಲವನ್ನೂ ಒಂದೇ ಚಪ್ಪರದಡಿ ಮಾಡುತ್ತಿದ್ದರಂತೆ. ಹಿಂಭಾಗದಲ್ಲೇ ಒಂದು ಕೆರೆಯೂ ಇತ್ತಂತೆ, ದೋಣಿಯನ್ನು ಹಾಕಿ ನೋಡಲು.

ಭಾನುವಾರ ನಾಲ್ವರೂ ಹೋದೆವು. ಮಾವ ಬರುವರೆಂದು ನಾನು ಎಣಿಸಿರಲಿಲ್ಲ. “ನನ್ನ ಮಗಳು ಕೂಡೂ ದೋಣಿ. ನೋಡದ ಹೆಂಗ ಬಿಡೂದು?” ಎಂದು ಅತ್ತೆಗೆ ಹೇಳಿ ಕಾರಿನ ಮುಂದಿನ ಸೀಟಿನಲ್ಲಿ ಕೂತರು. ದಾರಿಯುದ್ದಕ್ಕೂ ನಾವಿಬ್ಬರೂ ಗಾಜಿನ ಮೂಲಕ ರಸ್ತೆಯನ್ನು ಬಹಳ ಆಸಕ್ತಿಯಿಂದ ನೋಡಿದೆವು.

ಖಾದರ್ ಸಾಬರು ಗಡ್ಡಕ್ಕೆ ಗೋರಂಟಿ ಹಚ್ಚಿದ ಉತ್ಸಾಹಿ ಮನುಷ್ಯ. ನಮ್ಮನ್ನು ನೇರವಾಗಿ ಹಂಸದ ಆಕಾರದ ತುಳಿಯುವ ದೋಣಿಯೊಂದರ ಮುಂದೆ ನಿಲ್ಲಿಸಿ, “ಫ್ಯಾಮಿಲಿಕೋ ಏಕ್‌ದಮ್ ಫಿಟ್ ಸಾಬ್” ಎಂದರು. ಅತ್ತೆ ಹಂಸವನ್ನು ಹೆಣ್ಣು ನೋಡುವವರಂತೆ ಸುತ್ತುಹಾಕಿ, “ಮುಖದಾಗ ಲಕ್ಷಣ ಐತಿ” ಎಂದು ಒಪ್ಪಿಗೆ ಸೂಚಿಸಿದರು. ಹಂಸದ ಕತ್ತಿನ ಹಿಂದೆ ಗಾಳ ಹಿಡಿದು ಕೂತ ನನ್ನನ್ನು ವೆಂಕಟ್ ಫೋಟೋ ತೆಗೆದು ಇಡೀ ಆಫೀಸಿಗೆ ಇಮೇಲ್ ಮಾಡುವುದು ನನ್ನ ಕಣ್ಣಿಗೆ ಕಟ್ಟಿತು. ಗಟ್ಟಿಯಾಗಿ ಬೇಡವೆಂದೆ. ಆಗ ಸಾಬರು ಒಳಗಿನಿಂದ ಎರಡು ದೋಣಿ ತರಿಸಿದರು. ಒಂದು ಹಸಿರು ಬಣ್ಣದ್ದು, ನುಗ್ಗೆಕಾಯಿಯಂತೆ ಸಪೂರ, ನನ್ನ ಕನಸಿನಿಂದಲೇ ಎಳೆದು ತಂದಂಥದ್ದು. ಇನ್ನೊಂದು ಬಿಳಿಯದು, ಅಗಲವಾಗಿ, ತಳ ಚಪ್ಪಟೆಯಾಗಿ, ಚಪ್ಪರಕ್ಕೆ ನಾಲ್ಕು ಕಂಬವಿದ್ದು, ನೀರಿಗಿಳಿದ ಮಂಚದಂತಿತ್ತು. ನಾನು ಹಸಿರಿನ ಕಡೆಗೆ, ಅತ್ತೆ ಬಿಳಿಯದರ ಕಡೆಗೆ ನಡೆದು ನಿಂತೆವು. ಸುಜಾತಾ ಎರಡರ ನಡುವೆ ನಿಂತಳು.

“ಹಸಿರು ಹಾಕಿ ನೋಡಿ ಸಾಬ್. ಇಬ್ಬರು ದೊಡ್ಡವರು ಕೂತರೆ ಬ್ಯಾಲೆನ್ಸ್ ಗೊತ್ತಾಗುತ್ತದೆ” ಎಂದರು ಖಾದರ್ ಸಾಬ್. ಅತ್ತೆ ಸೀರೆಯ ನೆಪ ಹೇಳಿದರು. ಸುಜಾತಾ ಒಂದು ಕಾಲು ಮುಂದಿಟ್ಟಳು. ಮಾವ ಅವಳ ತೋಳು ಹಿಡಿದು ನಿಲ್ಲಿಸಿ, “ಮೊದಲ ನಾ ಕೂತು ನೋಡ್ತೀನಿ” ಎಂದು ಚಪ್ಪಲಿ ಬಿಟ್ಟು, ಪ್ಯಾಂಟು ಮಡಚಿ ದೋಣಿ ಹತ್ತಿದರು. ಸಾಬರ ಕಡೆಯವರು ಅವರ ಇಸ್ತ್ರಿ ಮಾಡಿದ ಬಿಳಿ ಅಂಗಿಯ ಮೇಲೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ತೊಡಿಸಿದರು. ಕರಾವಳಿಯವನೆಂದು ಹುಟ್ಟುಗಳನ್ನು ನನ್ನ ಕೈಗೆ ಕೊಟ್ಟರು.

ಹುಟ್ಟು ಹಾಕುವವನು ದೋಣಿ ಹೋಗುವ ದಿಕ್ಕಿಗೆ ಬೆನ್ನು ಮಾಡಿ ಕೂರುತ್ತಾನೆ ಎಂಬುದು ನನಗೆ ತಿಳಿದದ್ದು ಆಗಲೇ. ದಾರಿ ನನಗೆ ಕಾಣುವುದಿಲ್ಲ. ಕಾಣುವುದು ಎದುರಿಗೆ ಕೂತವರ ಮುಖ. ನುಗ್ಗೆಕಾಯಿಯಂಥ ದೋಣಿಯಲ್ಲಿ ಮಾವನ ಮೊಣಕಾಲು ನನ್ನ ಮೊಣಕಾಲಿಗೆ ತಾಗುತ್ತಿತ್ತು. ಇಷ್ಟು ವರ್ಷದಲ್ಲಿ ನಾನು ಅವರ ಮುಖವನ್ನು ಅಷ್ಟು ಹತ್ತಿರದಿಂದ ನೋಡಿದ್ದೇ ಇಲ್ಲ. ಸುಜಾತಾಳದ್ದೇ ಹುಬ್ಬು. ಅವರು ನನ್ನ ಎಡಗಿವಿಯನ್ನೂ ನಾನು ಅವರ ಜಾಕೆಟ್ಟಿನ ಗುಂಡಿಯನ್ನೂ ನೋಡುತ್ತ ಸಾಗಿದೆವು. ಗೋಡೆಗಳು ದಡದಲ್ಲೇ ಉಳಿದಿದ್ದವು.

ಸ್ವಲ್ಪ ದೂರ ಹೋದ ಮೇಲೆ ಮಾವ ನನ್ನ ಹೆಗಲಾಚೆ ನೋಡಿ, “ಎಮ್ಮಿ ಅದಾವಂತ ಕಾಣತೈತಿ” ಎಂದರು. ಕೆರೆಯೆಂದ ಮೇಲೆ ಎಮ್ಮೆ ಇರಬಹುದು ಎಂದು ನಾನು ಹುಟ್ಟು ಹಾಕಿದೆ. “ಎಮ್ಮಿ ಹತ್ತರ ಬರಾಕತ್ತಂಗ ಕಾಣತೈತಿ,” ಎಂದರು. ಎಮ್ಮೆಗಳು ಬರುತ್ತಿರಲಿಲ್ಲ, ನಾವೇ ಹೋಗುತ್ತಿದ್ದೆವು. “ಬಲಕ್ಕ ಹೊಳ್ಳಿಸಿದರ ಛಲೋ ಆಗಬಹುದು.” ನಾನು ಬಲಕ್ಕೆ ಹೊರಳಿಸಿದೆ. ಎದುರುಬದುರು ಕೂತವರಲ್ಲಿ ಒಬ್ಬರ ಬಲ ಇನ್ನೊಬ್ಬರ ಎಡ. ಮಾವನ ಹುಬ್ಬು ಮೇಲಕ್ಕೇರಿತು, ಬಾಯಿ ತೆರೆಯಿತು, ಮುಚ್ಚಿತು. ಆಮೇಲೆ ಎರಡೂ ಕೈಗಳಿಂದ ನನ್ನ ಮೊಣಕಾಲು ಹಿಡಿದು, “ಶ್ರೀಧರ, ನಿಮ್ಮ ಬಲಕ್ಕಲ್ರೀ, ನನ್ನ ಬಲಕ್ಕ ಹೊಡೀರಿ” ಎಂದರು.

ಅವರ ಬಾಯಿಂದ ನನ್ನ ಹೆಸರು ಕೇಳಿದ ಗಾಬರಿಗೆ ನಾನು ಒಂದು ಹುಟ್ಟನ್ನೇ ಕೈಬಿಟ್ಟೆ. ದೋಣಿ ಒಂದು ಎಮ್ಮೆಯ ಪಕ್ಕೆಗೆ ಮೆತ್ತಗೆ ತಾಗಿ, ಒಂದು ಕಡೆ ವಾಲಿ, ಇಬ್ಬರ ಮಡಿಲಿಗೂ ಕೆರೆಯ ನೀರು ತುಂಬಿಸಿ, ಮತ್ತೆ ನೆಟ್ಟಗಾಯಿತು. ಎಮ್ಮೆ ಕತ್ತು ತಿರುಗಿಸಿ ನಮ್ಮನ್ನು ನೋಡಿ, ಮೆಲುಕು ಹಾಕುವುದನ್ನು ಮುಂದುವರಿಸಿತು. ಅದು ಹೊಟ್ಟೆಯವರೆಗಿನ ನೀರಿನಲ್ಲಿ ನಿಂತಿತ್ತು ಎಂಬುದು ನಮಗೆ ಹೊಳೆಯಲು ಹೊತ್ತು ಹಿಡಿಯಿತು. ಮಾವ ಇನ್ನೂ ನನ್ನ ಮೊಣಕಾಲು ಬಿಟ್ಟಿರಲಿಲ್ಲ.

“ನಿಮಗ ಈಜು ಬರತೈತೇನು?” ಎಂದು ಕೇಳಿದರು.

“ಇಲ್ಲ ಮಾವ.”

“ಸಮುದ್ರದ ದಂಡಿಯವರು ಅಂತಿದ್ರಲ್ಲ ಎಲ್ಲಾರು.”

“ನಮ್ಮಪ್ಪ ಪೋಸ್ಟಾಫೀಸಿನಲ್ಲಿದ್ದರು.”

ಮಾವ ಮೊದಲು ಕೆಮ್ಮಿದರು ಎಂದುಕೊಂಡೆ. ನಗುತ್ತಿದ್ದರು. ಕಣ್ಣಿನಲ್ಲಿ ನೀರು ಬರುವಷ್ಟು ನಕ್ಕು, “ನನಗೂ ಬರೂದಿಲ್ಲ” ಎಂದರು. ಹುಟ್ಟು ಒಂದಿಷ್ಟು ದೂರದಲ್ಲಿ ತೇಲುತ್ತಿತ್ತು. ದಡದಿಂದ ಖಾದರ್ ಸಾಬರ ಕಡೆಯವರು ಇನ್ನೊಂದು ದೋಣಿ ಬಿಚ್ಚುತ್ತಿದ್ದರು. ಅಲ್ಲಿಯವರೆಗೆ ಮಾಡಲು ಕೆಲಸವಿರಲಿಲ್ಲ. ಮಾವ ಜಾಕೆಟ್ಟಿನ ದಾರ ಹಿಂಡುತ್ತ, ಎಮ್ಮೆಯನ್ನು ನೋಡುತ್ತ ಹೇಳಿದರು: “ಸಿಟ್ಟು ಇತ್ರಿ ಮೊದಲ. ಇಲ್ಲ ಅನ್ನೂದಿಲ್ಲ. ಆದ್ರ ಅದು ವರ್ಷ ತುಂಬೂದ್ರಾಗ ಹೋತು. ಆಮ್ಯಾಲ ಹೆಂಗ ಸುರು ಮಾಡೂದಂತ ತಿಳೀಲಿಲ್ಲ. ಒಂದಿನ ಒಮ್ಮಿಂದೊಮ್ಮೆಲೆ ‘ಚಹಾ ಕುಡಿದ್ರ್ಯಾ’ ಅಂದ್ರ ನೀವು ಏನ್ ತಿಳಕೋತೀರಿ?”

“ಕುಡಿದೆ ಅಂತಿದ್ದೆ ಮಾವ.”

“ಅಷ್ಟ ಇತ್ತೇನು” ಎಂದರು ಅವರು.

ದಡಕ್ಕೆ ಬಂದಾಗ ಸುಜಾತಾಳ ಮುಖ ಬಿಳಿಚಿತ್ತು. ಮಾವ ಒದ್ದೆ ಪ್ಯಾಂಟಿನಲ್ಲೇ ಬಿಳಿ ದೋಣಿಯ ಬಳಿ ಹೋಗಿ, ಅದರ ಅಂಚನ್ನು ಎರಡು ಸಲ ತಟ್ಟಿ, ನನ್ನ ಕಡೆ ತಿರುಗಿ, “ಅಗಲಾಂದ ತಗೊಳ್ರಿ ಶ್ರೀಧರ. ಇದ್ರಾಗ ಎಮ್ಮಿನೂ ಕೂಡಬಹುದು” ಎಂದರು. ಸುಜಾತಾ ನನ್ನನ್ನು ನೋಡಿದಳು, ಅಪ್ಪನನ್ನು ನೋಡಿದಳು, ಆಮೇಲೆ ಸೆರಗಿನಿಂದ ಅಪ್ಪನ ತಲೆ ಒರೆಸುವ ನೆಪದಲ್ಲಿ ಮುಖ ಆಚೆ ಮಾಡಿಕೊಂಡಳು. ಹಸಿರು ದೋಣಿಯ ಆಸೆ ನನ್ನಲ್ಲಿ ಅಲ್ಲಿಗೇ ಆರಿಹೋಯಿತು.

ಬಿಳಿ ದೋಣಿ ವೆಂಕಟ್‌ನ ಶೆಡ್ಡು ಸೇರಿತು. ಭಾನುವಾರಗಳು ಬದಲಾದವು. ಅತ್ತೆ ಸೀರೆಯ ಮೇಲೆ ಕಿತ್ತಳೆ ಜಾಕೆಟ್ ತೊಟ್ಟು ಚಪ್ಪರದ ಕೆಳಗೆ ಒರಗಿ ಕೂತು ಜೋಳದ ರೊಟ್ಟಿಗೆ ಶೇಂಗಾ ಚಟ್ನಿ ಹಾಕಿ ಕೊಡುವರು. ಮಾವ ನನ್ನೆದುರು ಕೂತು ದಿಕ್ಕು ಹೇಳುವರು. ಕಷ್ಟವೆಂದರೆ, ವರ್ಷಗಟ್ಟಲೆ ಕೂಡಿಟ್ಟ ಮಾತೆಲ್ಲ ಅವರಿಗೆ ಈಗ ಒಟ್ಟಿಗೇ ಬರುತ್ತಿತ್ತು. ಖಜಾನೆಯ ಹಳೆಯ ಸಾಹೇಬರು, ತಮ್ಮ ಅಜ್ಜ ಕಂಡ ದರ್ಬಾರು, ಚಾರ್‌ಮಿನಾರ್ ಪಕ್ಕದ ಬೋಂಡಾ ಎಲ್ಲವೂ ಕೆರೆಯ ಈ ದಂಡೆಯಿಂದ ಆ ದಂಡೆಗೆ ಕೇಳಿಸುತ್ತಿದ್ದವು. ಮೀನುಗಳು ಸುತ್ತಮುತ್ತ ಸುಳಿಯುತ್ತಿರಲಿಲ್ಲ. ಮಾತು ನಿಲ್ಲಿಸಿ ಎಂದು ಅವರಿಗೆ ಹೇಳುವ ಧೈರ್ಯ ಈ ಜಗತ್ತಿನಲ್ಲಿ ಕಟ್ಟಕಡೆಗೆ ಬರಬೇಕಾದದ್ದು ನನಗೆ.

ಆದರೂ ಸುಜಾತಾ ಬಾರದ ಒಂದು ಭಾನುವಾರ, ಅವರು ಬಾಯಲ್ಲಿ ರೊಟ್ಟಿ ಇಟ್ಟುಕೊಂಡಿದ್ದ ಗಳಿಗೆಯಲ್ಲಿ, ಗಾಳ ಜಗ್ಗಿತು. ಎಳೆದರೆ ಮೊಳದುದ್ದದ ಒಳ್ಳೆಯ ಮೀನು. ಅತ್ತೆ ಕಣ್ಣು ಮುಚ್ಚಿಕೊಂಡರು. ಮಾವ ಮೀನನ್ನು ನೋಡಿದರು, ನನ್ನನ್ನು ನೋಡಿದರು, ಮೆಲ್ಲಗೆ ಕತ್ತನ್ನು ಪೂರ್ತಿಯಾಗಿ ಆಚೆ ದಂಡೆಗೆ ತಿರುಗಿಸಿಕೊಂಡು, “ನಾ ಈ ಕಡೆ ನೋಡಾಕತ್ತೀನಿ. ನೀವು ಚೀಲದಾಗ ಹಾಕ್ಕೊಳ್ರಿ” ಎಂದರು. ಆ ವಯಸ್ಸಿನ ಕತ್ತು ಅಷ್ಟು ತಿರುಗಿ ನಿಂತದ್ದನ್ನು ನೋಡುತ್ತ ನನಗೇನಾಯಿತೋ, ಗಾಳ ಬಿಡಿಸಿ ಮೀನನ್ನು ಸದ್ದಿಲ್ಲದೆ ನೀರಿಗೆ ಜಾರಿಸಿದೆ. ಖಾಲಿ ಚೀಲದ ಬಾಯಿ ಕಟ್ಟಿದೆ. ಅವರು ತಿರುಗಿ ಚೀಲ ನೋಡಿ ತಲೆಯಾಡಿಸಿದರು. ಹೇಳಬೇಕಿತ್ತು, ಹೇಳಲಿಲ್ಲ.

ಸಂಜೆ ಮನೆಗೆ ಬಂದ ಮೇಲೆ ಮಾವ ಹೆಂಡತಿಗೂ ಮಗಳಿಗೂ ತಾಕೀತು ಮಾಡಿದರಂತೆ: “ಇವತ್ತು ಅವರು ತಮ್ಮ ಅಡಗಿ ತಾವು ಮಾಡಿಕೋತಾರ. ಸಂಕೋಚ ಆಗಬಾರದು. ಯಾರೂ ಮ್ಯಾಲೆ ಹೋಗಬ್ಯಾಡ್ರಿ.” ಯಾರೂ ಬರಲಿಲ್ಲ. ಸುಜಾತಾ ಕೂಡ ಕೆಳಗೇ ಊಟಕ್ಕೆ ಕೂತಳು. ಅತ್ತೆ ಎಣ್ಣೆಗಾಯಿ ಮಾಡಿದ್ದರು. ಅದರ ಒಗ್ಗರಣೆಯ ಘಮ ಒಂದೊಂದೇ ಮೆಟ್ಟಿಲು ಹತ್ತಿ ನನ್ನ ಬಳಿ ಬಂದು ಕೂತಿತು. ನಾನು ಖಾಲಿ ಚೀಲ ಒಣಗಲು ಹಾಕಿ, ಎರಡು ಉಸ್ಮಾನಿಯಾ ಬಿಸ್ಕತ್ತನ್ನು ನೀರಿನಲ್ಲಿ ಅದ್ದಿ ತಿಂದೆ. ಮನೆಯಲ್ಲಿ ಹಾಲೂ ಇರಲಿಲ್ಲ.

ಬೆಳಿಗ್ಗೆ ಆಫೀಸಿನ ಕ್ಯಾಬಿಗೆ ಕಾಯುತ್ತ ಗೇಟಿನ ಬಳಿ ನಿಂತಿದ್ದೆ. ಮಾವ ಪತ್ರಿಕೆ ಮಡಚಿ ಹತ್ತಿರ ಬಂದು, ಆಚೀಚೆ ನೋಡಿ, ದನಿ ತಗ್ಗಿಸಿ, “ರುಚಿ ಇತ್ತೇನ್ರಿ?” ಎಂದು ಕೇಳಿದರು.

“ಭಾಳ ಛಲೋ ಇತ್ತು ಮಾವ” ಎಂದೆ.