ಸುಕ್ಕಿಲ್ಲದ ಕೌದಿ

ಶನಿವಾರ ರಾತ್ರಿ ಊಟಕ್ಕೆ ಕೂತಾಗ ತೆಪ್ಪಗೆ ಉಂಡು ಎದ್ದಿದ್ದರೆ ಗುಮಾಸ್ತನ ಭಾನುವಾರ ನೆಟ್ಟಗಿರುತ್ತಿತ್ತು. ತಂಗಿಯ ಕೂಸಿಗೆಂದು ಕೌದಿ ಹೊಲಿಯುತ್ತಿದ್ದ ಹೆಂಡತಿ, "ಎಷ್ಟು ಹುಷಾರಾಗಿ ಹೊಲಿದ್ರೂ ಸುಕ್ಕು ಬೀಳತ್ತೆ ಕಣ್ರೀ" ಎಂದು ನಿಟ್ಟುಸಿರಿಟ್ಟಳು. ಇವನು ಸುಮ್ಮನಿರಬೇಕೋ ಬೇಡವೋ?

"ನೆಟ್ಟಗೆ ನಾಲ್ಕು ಗೆರೆ ಹೊಡೆಯೋದಕ್ಕೆ ಇಷ್ಟೊಂದು ಗೋಳಾ? ನಾನಾಗಿದ್ರೆ ಇಷ್ಟು ಹೊತ್ತಿಗೆ ಮುಗಿಸಿರ್ತಿದ್ದೆ" ಎಂದುಬಿಟ್ಟ.

"ಸರಿ, ನೀವೇ ಮುಗಿಸಿ. ನಾಳೆ ಸಂಜೆ ಅಮ್ಮ ಬಂದು ತಗೊಂಡು ಹೋಗ್ತಾರೆ. ಸುಕ್ಕು ಇಲ್ದಿದ್ರೆ ನಿಮ್ಮ ಕುರ್ಚಿ ವಿಷಯ ಇನ್ನು ಎತ್ತಲ್ಲ. ಒಂದೇ ಒಂದು ಸುಕ್ಕು ಬಿತ್ತೋ, ಕುರ್ಚಿ ಗುಜರಿಗೆ."

ಹಿಂದಿನ ವರಾಂಡದಲ್ಲಿದ್ದ ಆ ಆರಾಮ ಕುರ್ಚಿ ಎಂದರೆ ಗುಮಾಸ್ತನಿಗೆ ಪ್ರಾಣ. ಮರದ ಚೌಕಟ್ಟು, ಅದಕ್ಕೆ ಜೋತುಬಿದ್ದ ದಪ್ಪ ಬಟ್ಟೆ, ಅಷ್ಟೇ. ಕಚೇರಿಯಲ್ಲಿ ಸಾಹೇಬರ ಮುಂದೆ ವಾರವಿಡೀ ಬಾಗಿದ ಬೆನ್ನು ಸುಖ ಕಾಣುತ್ತಿದ್ದುದು ಅಲ್ಲಿ ಮಾತ್ರ. ಬಟ್ಟೆಯ ಬಣ್ಣ ಯಾವುದೆಂದು ಕೇಳಿದರೆ ಪಾಪ, ಹೇಳಲಾರ. ಅದನ್ನು ಬಲ್ಲದ್ದು ಅವನ ಬೆನ್ನೇ ಹೊರತು ಕಣ್ಣಲ್ಲ. ಹೆಂಡತಿಗೋ ಅದನ್ನು ಕಂಡರಾಗದು. ಇವತ್ತೋ ನಾಳೆಯೋ ಅದನ್ನು ಗುಜರಿಗೆ ಹಾಕುವುದಾಗಿ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಳು.

ಬೆಳಗ್ಗೆ ಅವಳು ಆಸ್ಪತ್ರೆಯ ಡ್ಯೂಟಿಗೆ ಹೊರಟಿದ್ದೇ ತಡ, ಗುಮಾಸ್ತ ಹೊಲಿಗೆ ಮಿಷನ್ ಮುಂದೆ ಕೂತ. ಮೇಲೆ ಬಣ್ಣಬಣ್ಣದ ತುಂಡುಗಳ ಬಟ್ಟೆ, ನಡುವೆ ಹತ್ತಿ, ಅಡಿಯಲ್ಲಿ ತೆಳು ಬಟ್ಟೆ. ಒಂದು ಮೂಲೆಯಿಂದ ಶುರುಮಾಡಿ ಪೆಡಲು ತುಳಿದ. ಅಡಿಯ ಬಟ್ಟೆ ಬಸ್ಸು ಹಿಡಿಯುವವರ ಹಾಗೆ ಮುಂದೋಡಿತು, ಮೇಲಿನದು ಹಿಂದೆ ಉಳಿದು ಮುದುಡಿತು. ಬಿಚ್ಚಿದ. ಎರಡನೆಯ ಸಲ ಮೈಯೆಲ್ಲ ಬಗ್ಗಿಸಿ ಎಳೆದು ಹಿಡಿದು ಹೊಲಿದ. ಎದ್ದು ನೋಡೋಣವೆಂದರೆ ಏಳಲಾಗಲಿಲ್ಲ. ಅಂಗಿಯ ತುದಿಯೂ ಕೌದಿಗೆ ಸೇರಿಹೋಗಿತ್ತು.

ಅವನ ಕೂಗಿಗೆ ಎದುರುಮನೆಯ ಬ್ಯಾಂಡ್ ಮೇಷ್ಟ್ರು, ಮೇಲ್ಮಹಡಿಯ ಟೀಚರಮ್ಮ ಇಬ್ಬರೂ ಓಡಿಬಂದರು. ಕತ್ತರಿ ಹಾಕಿ ಅವನನ್ನು ಬಿಡಿಸಿದ ಮೇಲೆ ಸಲಹೆಗಳ ಸುರಿಮಳೆ.

"ಮೂಲೆಯಿಂದ ಯಾರಾದ್ರೂ ಶುರು ಮಾಡ್ತಾರಾ ಗುಮಾಸ್ತರೇ? ನಡು ಮಧ್ಯದಿಂದ ಅಂಚಿನ ಕಡೆಗೆ ಹೊಲೀಬೇಕು. ಮೊದ್ಲು ನೆಲದ ಮೇಲೆ ಹರಡಿ, ಅಂಗೈ ಅಗಲಕ್ಕೊಂದು ಪಿನ್ನು ಚುಚ್ಚಿ" ಎಂದರು ಟೀಚರಮ್ಮ.

"ದಾರ ಸ್ವಲ್ಪ ಸಡಿಲ ಮಾಡ್ರಿ. ಬಿಗಿಯಾಗಿರಬೇಕಾದ್ದು ಬಟ್ಟೆ, ನನ್ನ ಡ್ರಮ್ಮಿನ ಥರ" ಎಂದರು ಮೇಷ್ಟ್ರು. ಆಮೇಲೆ ಅಡಿಯ ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ಮೂಗು ಮುರಿದರು. "ಇದಕ್ಕೆ ಜೀವವೇ ಇಲ್ಲ. ಹತ್ತಿ ಕೆಳಗೆ ಒಂದು ದಪ್ಪ ಬಟ್ಟೆ ಸೇರಿಸಿದ್ರೆ ಸುಕ್ಕಲ್ಲ, ಸುಕ್ಕಿನಪ್ಪನೂ ಬರಲ್ಲ. ತರ್ಲಾ?"

ಗುಮಾಸ್ತನ ಬಾಯಿ ತುಂಬ ಪಿನ್ನು. ತಲೆಯಾಡಿಸಿದ. ಉರುಳಿಹೋದ ಪಿನ್ನುಗಳನ್ನು ಹುಡುಕಿ ಅವನು ಮಂಚದಡಿಯಿಂದ ತೆವಳಿಕೊಂಡು ಬರುವಷ್ಟರಲ್ಲಿ ಮೇಷ್ಟ್ರು ಎಲ್ಲಿಂದಲೋ ಬಟ್ಟೆ ತಂದು, ಅಳತೆಗೆ ಕತ್ತರಿಸಿ, ಪದರದೊಳಗೆ ತೂರಿಸಿಯೂ ಆಗಿತ್ತು. ಮೂವರೂ ಮಂಡಿಯೂರಿ ಪಿನ್ನು ಚುಚ್ಚಿದರು. ದಪ್ಪ ಸೂಜಿ, ಉದ್ದನೆಯ ಹೊಲಿಗೆ. ಟೀಚರಮ್ಮ ಕೌದಿಯ ಭಾರ ಹೊತ್ತು ನಿಂತರು, ಮೇಷ್ಟ್ರು ತಾಳ ಹಾಕಿದರು, ಗುಮಾಸ್ತ ತುಳಿದ. ಮಿಷನ್ನು ಗೊರಗೊರ ಗೊಣಗಿದರೂ ಕೌದಿ ಮಾತ್ರ ಹಲಗೆಯ ಹಾಗೆ ನೆಟ್ಟಗೆ ಬಂತು.

ಸಂಜೆ ಹೆಂಡತಿಯ ಹಿಂದೆಯೇ ಅತ್ತೆ ಬಂದರು. ಕನ್ನಡಕ ಒರೆಸಿಕೊಂಡು, ಕೌದಿಯನ್ನು ದೀಪಕ್ಕೆ ಹಿಡಿದರು, ಅಂಗೈಯಲ್ಲಿ ಸವರಿದರು, ಮಗುಚಿ ನೋಡಿದರು.

"ಒಂದು ಸುಕ್ಕೂ ಇಲ್ಲ ಅಳಿಯಂದಿರೇ! ಅಂಗಡೀಲೂ ಇಂಥದ್ದು ಸಿಗಲ್ಲ."

ಹೆಂಡತಿ ಸೋಲೊಪ್ಪಿದಳು. "ಆಯ್ತು ಬಿಡಿ, ಕುರ್ಚಿ ಇರ್ಲಿ. ಇನ್ನು ನಾನು ಚಕಾರ ಎತ್ತಲ್ಲ."

ಗುಮಾಸ್ತನಿಗೆ ಸ್ವರ್ಗ ಮೂರೇ ಗೇಣು. ಎದೆಯುಬ್ಬಿಸಿಕೊಂಡು ವರಾಂಡಕ್ಕೆ ನಡೆದ. ಎಂದಿನಂತೆ ಹಿಂದಿರುಗಿ ನೋಡದೆ, ಕಣ್ಣು ಮುಚ್ಚಿ, "ಅಬ್ಬಾ" ಎಂದು ಮೈ ಇಳಿಬಿಟ್ಟ.

ಧೊಪ್!

ಎದುರುಮನೆಯ ಮೇಷ್ಟ್ರೂ ಸೇರಿ ಎಲ್ಲರೂ ಓಡಿಬಂದರು. ಗುಮಾಸ್ತ ಚೌಕಟ್ಟಿನೊಳಗೆ ಮಡಚಿಕೊಂಡು ಕೂತಿದ್ದ. ಮೊಣಕಾಲು ಮೂಗಿಗೆ ತಾಗಿತ್ತು, ಸೊಂಟ ನೆಲಕ್ಕೆ.

"ಬಟ್ಟೆ... ಕುರ್ಚಿ ಬಟ್ಟೆ ಎಲ್ಲಿ?"

ಮೇಷ್ಟ್ರು ತಲೆ ಕೆರೆದುಕೊಂಡರು. "ಕೌದಿ ಒಳಗಿದೆಯಲ್ರೀ. ಹೇಗೂ ಗುಜರಿಗೆ ಹೋಗೋ ಕುರ್ಚಿ ಅಂತ ನಿಮ್ಮ ಮನೆಯವರೇ ಹೇಳಿದ್ರು. ನಿಮ್ಮನ್ನ ಕೇಳಿದೆ, ನೀವೂ ತಲೆಯಾಡಿಸಿದ್ರಿ."

"ಬಿಚ್ಚಿ! ಈಗಲೇ ಕೌದಿ ಬಿಚ್ಚಿ!" ಗುಮಾಸ್ತ ಅಳುವುದೊಂದು ಬಾಕಿ.

ಅತ್ತೆ ಕೌದಿಯನ್ನು ಎದೆಗವಚಿಕೊಂಡರು. "ಅಯ್ಯೋ, ಅದನ್ನ ಎಳೆದು ತೆಗೆದ್ರೆ ಮತ್ತೆ ಸುಕ್ಕು ಬೀಳತ್ತೆ ಅಳಿಯಂದಿರೇ."

ಹೆಂಡತಿ ಸೆರಗಿನಲ್ಲಿ ನಗು ಮುಚ್ಚಿಕೊಂಡಳು.

"ಬಿಚ್ಚಿ, ನನ್ನದೇನೂ ಅಡ್ಡಿಯಿಲ್ಲ. ಆದ್ರೆ ಸುಕ್ಕು ಬಿತ್ತೋ, ಕುರ್ಚಿ ಗುಜರಿಗೆ."