ಮೂವತ್ತಾರು ಮುಚ್ಚಳಗಳು

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದು ಮುಚ್ಚಳದ ಒಳಗೆ ಕಂಡ ಒಂದೇ ಒಂದು ಹನಿ ನೀರು.

ಬೇರೆ ಯಾರಾದರೂ ಆಗಿದ್ದರೆ ಬಟ್ಟೆಯಿಂದ ಒರೆಸಿ ಸುಮ್ಮನಾಗುತ್ತಿದ್ದರು. ಆದರೆ ಅದನ್ನು ಕಂಡವನು ಗೊತ್ತಣ್ಣ. ಅವನ ನಿಜವಾದ ಹೆಸರು ಬೀದಿಗೆಲ್ಲ ಮರೆತುಹೋಗಿತ್ತು. ಯಾರು ಏನು ಹೇಳಲು ಬಾಯಿ ತೆರೆದರೂ ಮಾತು ಮುಗಿಯುವ ಮೊದಲೇ ‘ಗೊತ್ತು, ಗೊತ್ತು’ ಎಂದುಬಿಡುವುದು ಅವನ ಹುಟ್ಟುಗುಣ. ಈ ಗುಣದ ದೆಸೆಯಿಂದ ಛಾಪಾಖಾನೆಯ ಕೆಲಸ ಹೋಯಿತು, ಗಡಿಯಾರದ ಅಂಗಡಿಯ ಕೆಲಸವೂ ಹೋಯಿತು. ಕೊನೆಗೆ ಕರೆದು ಕೂರಿಸಿಕೊಂಡವಳು ಅವನ ಸೋದರತ್ತೆ.

ಅತ್ತೆ ಗಿಡಮೂಲಿಕೆಯ ವೈದ್ಯೆ. ಅವಳ ಅಂಗಡಿಯ ಹಿಂದಿನ ಕೋಣೆಯೇ ಉಗ್ರಾಣ. ಕಿಟಕಿಗೆ ದಪ್ಪ ಪರದೆ, ಗೋಡೆಗೆ ತಾಗದಂತೆ ನಿಲ್ಲಿಸಿದ ಮರದ ಕಪಾಟು, ಅದರಲ್ಲಿ ಸಾಲಾಗಿ ಮೂವತ್ತಾರು ಕಂದು ಗಾಜಿನ ಜಾಡಿಗಳು. ಬೆಳಕು, ತೇವ, ಸೆಕೆ ಮೂರಕ್ಕೂ ಅಲ್ಲಿ ಪ್ರವೇಶವಿಲ್ಲ. ಅಂಗೈಯಲ್ಲಿ ಹಿಸುಕಿದಾಗ ಚರಚರ ಸದ್ದು ಮಾಡದ ಎಲೆ ಜಾಡಿಗೆ ಇಳಿಯುವ ಹಾಗಿಲ್ಲ. ಈ ಕಟ್ಟುನಿಟ್ಟಿನಿಂದಾಗಿಯೇ ಅವಳ ಎರಡು ವರ್ಷ ಹಳೆಯ ಪುದೀನ ಮೂಸಿದರೆ ನಿನ್ನೆ ಕಿತ್ತ ಹಾಗೆ ಇರುತ್ತಿತ್ತು.

ಆರು ತಿಂಗಳಿಂದ ಗೊತ್ತಣ್ಣ ಅಲ್ಲಿ ಪರೀಕ್ಷಾರ್ಥವಾಗಿ ಕೆಲಸಕ್ಕಿದ್ದ. ಆ ದಿನ ಅತ್ತೆ ಯಾರೋ ರೋಗಿಯನ್ನು ನೋಡಲು ಪಕ್ಕದ ಊರಿಗೆ ಹೊರಟಳು. ಉಗ್ರಾಣದ ಬೀಗದಕೈಯನ್ನು ಮೊದಲ ಸಲ ಅವನ ಕೈಗೆ ಕೊಟ್ಟು, ಸಂಜೆ ಐದಕ್ಕೆ ಬರುವಾಗ ಎಲ್ಲ ನೆಟ್ಟಗಿದ್ದರೆ ಇನ್ನು ಅದು ನಿನ್ನದೇ ಎಂದಳು. ಸುದ್ದಿ ಹಿಂದಿನ ದಿನವೇ ಮನೆಗೂ ಮುಟ್ಟಿತ್ತು. ಬೆಳಿಗ್ಗೆ ಅವನು ಹೊರಡುವಾಗ ಹೆಂಡತಿ ಬಾಗಿಲಿಗೆ ಅಡ್ಡ ನಿಂತು, “ಆ ಬೀಗದಕೈ ಇಲ್ಲದೆ ಬರಬೇಡಿ. ಈ ಕೆಲಸಾನೂ ಹೋಯ್ತು ಅಂತ ತವರಲ್ಲಿ ಹೇಳೋಕೆ ನನಗೆ ಮುಖ ಉಳಿದಿಲ್ಲ” ಎಂದಿದ್ದಳು.

ಹೀಗಿರುವಾಗ ಆ ಹನಿ ಕಂಡಿತು. ಒಂದು ಮುಚ್ಚಳದಲ್ಲಿ ತೇವ ಇದ್ದರೆ ಉಳಿದ ಮೂವತ್ತೈದರಲ್ಲಿ ಇಲ್ಲವೆಂದು ಹೇಳುವವರು ಯಾರು? ಗೊತ್ತಣ್ಣ ಅಂಗಿಯ ತೋಳು ಮಡಚಿದ. ಅಷ್ಟೂ ಮುಚ್ಚಳ ತೆಗೆದು, ಜಾಡಿಗಳ ಬಾಯಿಗೆ ಶುದ್ಧ ಕಾಗದ ಹೊದಿಸಿ, ಮುಚ್ಚಳಗಳನ್ನು ದೊಡ್ಡ ಬೋಗುಣಿಯಲ್ಲಿ ಸೋಪು ಹಾಕಿ ತೊಳೆದು, ಮಾಳಿಗೆಯ ಮೇಲೆ ಬಿಸಿಲಿಗೆ ಹರವಿದ. ಹನ್ನೊಂದು ಗಂಟೆಗೆ ಅವು ಗರಿಗರಿ ಒಣಗಿದವು. ಅತ್ತೆಯ ಮೆಚ್ಚುಗೆಯ ಮಾತನ್ನು ಮನಸ್ಸಿನಲ್ಲೇ ಎರಡು ಸಲ ಕೇಳಿಸಿಕೊಳ್ಳುತ್ತ ಅವನು ಬೋಗುಣಿ ಹೊತ್ತು ಕೆಳಗಿಳಿದ.

ಮೊದಲ ಮುಚ್ಚಳ ಎತ್ತಿದ. ಮೇಲೆ ಬಣ್ಣದಲ್ಲಿ ‘ಪುದೀನ’ ಎಂದು ಬರೆದಿತ್ತು. ಅದನ್ನು ಹಿಡಿದು ಕಪಾಟಿನತ್ತ ಚಾಚಿದ ಕೈ ಗಾಳಿಯಲ್ಲೇ ನಿಂತಿತು.

ಹೆಸರುಗಳೆಲ್ಲ ಮುಚ್ಚಳದ ಮೇಲಿದ್ದವು. ಜಾಡಿಗಳ ಮೈಮೇಲೆ ಏನೂ ಇರಲಿಲ್ಲ.

ಅವನು ಒಂದೊಂದೇ ಕಾಗದ ಸರಿಸಿ ಇಣುಕಿದ. ಶುಂಠಿ, ಜ್ಯೇಷ್ಠಮಧು, ಗುಲಾಬಿ ದಳ, ದಾಳಿಂಬೆ ಸಿಪ್ಪೆ ಮುಂತಾಗಿ ಹದಿನಾಲ್ಕು ಕಣ್ಣಿಗೇ ಸಿಕ್ಕವು. ಉಳಿದ ಇಪ್ಪತ್ತೆರಡೂ ಒಣ ಹಸಿರು ಎಲೆ, ಒಂದೇ ತಾಯಿಯ ಮಕ್ಕಳಂತೆ. ಮೂಸೋಣವೆಂದರೆ ಮೂರು ದಿನದ ನೆಗಡಿ. ಮೂಗು ಮುಖದ ಮೇಲೆ ಅಲಂಕಾರಕ್ಕಷ್ಟೇ ಇತ್ತು. ಆರು ತಿಂಗಳು ಈ ಕೋಣೆಯಲ್ಲಿ ಓಡಾಡಿ ತಾನು ಓದಿದ್ದು ಬರೀ ಮುಚ್ಚಳವನ್ನು, ಒಂದು ದಿನವೂ ಎಲೆಯನ್ನು ನೋಡಲಿಲ್ಲ ಎಂಬುದು ಅವನಿಗೆ ಆಗ ಹೊಳೆಯಿತು. ಕೋಣೆಯಲ್ಲಿ ಯಾರೂ ಇರದಿದ್ದರೂ ಅವನ ಕಿವಿ ಬಿಸಿಯಾಯಿತು.

ಪಕ್ಕದ ಅಂಗಡಿಯ ದರ್ಜಿ ಸೂಜಿ ಕೇಳುವ ನೆಪದಲ್ಲಿ ಬಂದ. ದರ್ಜಿಯೇ ಬಂದು ಸೂಜಿ ಕೇಳಿದ್ದು ಗೊತ್ತಣ್ಣನಿಗೆ ವಿಚಿತ್ರವಾಗಿ ಕಾಣದಷ್ಟು ತಲೆ ಕೆಟ್ಟಿತ್ತು. ಮುಚ್ಚಿಡಲು ನೋಡಿದ, ಆಗಲಿಲ್ಲ. ಹತ್ತೇ ನಿಮಿಷದಲ್ಲಿ ವಿಷಯ ಎದುರಿನ ಕ್ಷೌರಿಕನಿಗೂ ಮಹಡಿಯ ಮೇಲಿನ, ಶಾಲೆಯಿಂದ ನಿವೃತ್ತರಾದ ಹೆಡ್‌ಮೇಡಮ್ಮಿಗೂ ತಲುಪಿತು. ಕ್ಷೌರಿಕ ಕತ್ತಿ ಹಿಡಿದೇ ಬಂದ. ಅವನ ಹಿಂದೆ, ಅರ್ಧ ಮುಖಕ್ಕೆ ನೊರೆ ಮೆತ್ತಿಕೊಂಡ ಗಿರಾಕಿಯೊಬ್ಬ ಉಳಿದರ್ಧ ಗಡ್ಡಕ್ಕಾಗಿ ಬಂದ.

ಹೆಡ್‌ಮೇಡಮ್ಮು ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರು. ಜಾಡಿಗಳನ್ನು ಒಂದೊಂದಾಗಿ ಕಿಟಕಿಯ ಬೆಳಕಿಗೆ ತರುವುದು, ಎಲ್ಲರೂ ಮೂಸುವುದು, ಆಮೇಲೆ ಕೈ ಎತ್ತಿ ತೀರ್ಮಾನಿಸುವುದು ಎಂದು ಕ್ರಮ ಹೇಳಿಕೊಟ್ಟರು. ಜಾಡಿ ಹೊರುವ ಕೆಲಸ ದರ್ಜಿಯ ಪಾಲಿಗೆ ಬಂತು. ಅವನು ಮೊದಲನೆಯದನ್ನು ತಲೆಯ ಮಟ್ಟಕ್ಕೆ ಎತ್ತಿ ಹಿಡಿದು, “ಇದರ ಅಡೀಲಿ ಏನೋ ಗೀಚಿದ...” ಎಂದು ಶುರುಮಾಡಿದ.

“ಗೊತ್ತು, ಗೊತ್ತು” ಎಂದ ಗೊತ್ತಣ್ಣ. ಇಷ್ಟು ಜನರ ಮುಂದೆ ತನ್ನ ಉಗ್ರಾಣದಲ್ಲಿ ಕೊಳೆ ಎಂದರೆ ಇನ್ನೊಂದು ಅವಮಾನ. “ಕಪಾಟಿನ ಕಲೆ ಅದು. ಎಲ್ಲಾದರ ಅಡೀನೂ ಚೆನ್ನಾಗಿ ಒರೆಸಿಬಿಡಿ.”

ದರ್ಜಿ ಹೇಳಿದ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುವ ಮನುಷ್ಯ. ಒದ್ದೆ ಬಟ್ಟೆ ಹೆಗಲಿಗೆ ಹಾಕಿಕೊಂಡು ಕೆಲಸಕ್ಕಿಳಿದ.

ಚುನಾವಣೆ ನಡೆಯಿತು. ಮೊದಲ ಜಾಡಿ ಮೂರು ಮತಗಳಿಂದ ಪುದೀನ ಆಯಿತು. ಐದನೆಯದಕ್ಕೆ ಸಮಸಮ ಬಂದಾಗ ಅರ್ಧ ಗಡ್ಡದ ಗಿರಾಕಿ ನಿರ್ಣಾಯಕ ಮತ ಹಾಕಿದ. ಅವನಿಗೆ ನೊರೆಯ ವಾಸನೆಯ ಹೊರತು ಬೇರೇನೂ ಬಂದಿರಲಿಲ್ಲವೆಂದು ಆಮೇಲೆ ತಿಳಿಯಿತು. ಮೂಗಿಗಿಂತ ನಾಲಗೆ ನಂಬಿಕಸ್ಥ ಎಂದು ಕ್ಷೌರಿಕ ವಾದಿಸಿದ, ಆದರೆ ತಾನು ತಿನ್ನಲೊಲ್ಲ. ಯಾರೂ ಕೇಳಿಕೊಳ್ಳದಿದ್ದರೂ ದರ್ಜಿ ಮೂರು ಜಾಡಿಗಳಿಂದ ಮೂರು ಚಿಟಿಕೆ ಎಲೆ ಬಾಯಿಗೆ ಹಾಕಿ, ಮೂರೂ ನಿದ್ದೆಗೆ ಒಳ್ಳೆಯದೆಂದು ಸಾರಿದ. ಎರಡು ಗಂಟೆಯ ಹೊತ್ತಿಗೆ ಅವನು ಮೊದಲ ಸಲ ಹಿತ್ತಲಿಗೆ ಓಡಿದ. ಆ ಮೂರರಲ್ಲಿ ಒಂದಂತೂ ಹೊಟ್ಟೆ ತೊಳೆಯುವ ಸೋನಾಮುಖಿ ಎಂಬುದು ಖಚಿತವಾಯಿತು. ಯಾವುದು ಎಂಬುದು ಮಾತ್ರ ಆಗಲಿಲ್ಲ.

ಮೂರು ಗಂಟೆಗೆ ಮೂಲೆಮನೆಯ ಅಜ್ಜಿ ಬಂದಳು. ಗಂಡನ ಹೊಟ್ಟೆಯುರಿಗೆ ಪ್ರತಿ ವಾರ ಒಂದು ಪೊಟ್ಟಣ ಎಲೆ ಒಯ್ಯುವವಳು. ಬಹುಮತದ ಪ್ರಕಾರ ಆ ಎಲೆ ಎರಡನೆಯ ಸಾಲಿನ ತುದಿಯಲ್ಲಿತ್ತು. ಗೊತ್ತಣ್ಣ ಕಾಗದ ಹರಿದ, ಚಮಚ ಹಿಡಿದ, ಜಾಡಿಗೆ ಅದ್ದಿದ. ಅಷ್ಟರಲ್ಲಿ ದರ್ಜಿ ಓಡಿದ ರಭಸಕ್ಕೆ ಹಿತ್ತಲ ಬಾಗಿಲು ಮತ್ತೆ ದಡಾರನೆ ಬಡಿಯಿತು. ಅವನು ಚಮಚದ ಎಲೆಯನ್ನು ಮತ್ತೆ ಜಾಡಿಗೇ ಸುರಿದ.

“ನಾಳೆ ಬನ್ನಿ ಅಜ್ಜಿ. ಇವತ್ತು... ಇವತ್ತು ಎಣಿಕೆ ನಡೀತಿದೆ” ಎಂದ.

“ಆಗಲಿ ಮಗನೇ. ನೀನು ಕೊಟ್ಟಿದ್ದನ್ನ ನಮ್ಮನೆಯವರು ಕಣ್ಣು ಮುಚ್ಕೊಂಡು ಕುಡೀತಾರೆ, ಅವಸರ ಮಾಡಿ ಕೊಡಬೇಡ” ಎಂದು ಅಜ್ಜಿ ನಿಧಾನವಾಗಿ ಮೆಟ್ಟಿಲಿಳಿದಳು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಈ ನಂಬಿಕೆಯ ಮಾತಿಗೆ ಅವನು ಕುಗ್ಗಿಹೋದ. ಗೊತ್ತಿಲ್ಲದ್ದನ್ನು ಒಬ್ಬ ಮುದುಕನ ಲೋಟಕ್ಕೆ ಹಾಕಲು ಹೊರಟಿದ್ದೆನಲ್ಲ ಎಂದು ನಾಚಿಕೆಯಾಗಿ ಎಷ್ಟೋ ಹೊತ್ತು ಯಾರ ಮುಖವನ್ನೂ ನೋಡಲಿಲ್ಲ. ಆದರೂ ಹೆಂಡತಿಯ ಮಾತು ನೆನಪಾಗಿ, ಬಹುಮತದಂತೆ ಮುಚ್ಚಳಗಳನ್ನು ಹಾಕಿ ಕಪಾಟು ಜೋಡಿಸಿದ.

ಐದಕ್ಕೆ ಸರಿಯಾಗಿ ಅತ್ತೆ ಬಂದಳು. ಜೊತೆಗೆ ಮೂಲೆಮನೆಯ ಅಜ್ಜಿ. ಬಸ್ಸಿಳಿಯುವಾಗ ಸಿಕ್ಕಿದವಳನ್ನು, ನಾಳೆ ಯಾಕೆ, ಈಗಲೇ ಕಟ್ಟಿಕೊಡುತ್ತೇನೆಂದು ಕರೆತಂದಿದ್ದಳು. ಏನಾಗುತ್ತದೋ ನೋಡೋಣವೆಂದು ಹೆಡ್‌ಮೇಡಮ್ಮು, ಕ್ಷೌರಿಕ, ಗೋಡೆಗೆ ಒರಗಿದ ದರ್ಜಿ ಎಲ್ಲರೂ ಹಾಜರಿದ್ದರು. ಅತ್ತೆ ಥಳಥಳಿಸುವ ಕಪಾಟನ್ನು ನೋಡಿ, “ಪರವಾಗಿಲ್ವೇ” ಎಂದಳು. ಅವಳ ಬಾಯಿಂದ ಅದಕ್ಕಿಂತ ದೊಡ್ಡ ಹೊಗಳಿಕೆ ಬೀದಿಯಲ್ಲಿ ಯಾರೂ ಕೇಳಿರಲಿಲ್ಲ. ಆಮೇಲೆ ಎರಡನೆಯ ಸಾಲಿನ ತುದಿಯ ಜಾಡಿಗೆ ಕೈ ಹಾಕಿದಳು.

ಗೊತ್ತಣ್ಣ ಅವಳ ಮಣಿಕಟ್ಟು ಹಿಡಿದುಕೊಂಡ.

“ಬೇಡ ಅತ್ತೆ. ಅದು ಏನು ಅಂತ ನನಗೆ ಗೊತ್ತಿಲ್ಲ.”

ಅವನ ಬಾಯಲ್ಲಿ ಆ ಮಾತು ಬಂದದ್ದು ಅದೇ ಮೊದಲು. ಅವನು ತಲೆ ತಗ್ಗಿಸಿ ಹನಿ ನೀರಿನಿಂದ ಬಹುಮತದವರೆಗೆ ಎಲ್ಲವನ್ನೂ ಹೇಳಿದ. ಹೇಳಿ ಮುಗಿಸುವಾಗ ಕಣ್ಣು ತುಂಬಿತ್ತು, ಮೂಗಂತೂ ಮೊದಲೇ ತುಂಬಿತ್ತು.

ಅತ್ತೆ ಕೋಪಿಸಿಕೊಳ್ಳಲಿಲ್ಲ, ನಕ್ಕಳು. “ಇಷ್ಟೇನಾ? ಮುಚ್ಚಳ ಅದಲುಬದಲಾಗೋ ವಸ್ತು ಕಣೋ, ಅದನ್ನ ನಂಬಿ ಯಾರಾದ್ರೂ ಔಷಧಿ ಇಡ್ತಾರಾ? ಪ್ರತಿ ಜಾಡಿ ಅಡೀಲೂ ಮೇಣದ ಪೆನ್ಸಿಲಿನಲ್ಲಿ ಹೆಸರು, ಒಣಗಿಸಿದ ತಾರೀಕು ಬರೆದಿದ್ದೀನಿ. ನೀನು ಬಂದ ದಿನವೇ ಹೇಳೋಕೆ ಹೊರಟೆ. ಗೊತ್ತು ಅಂದೆ.”

ಗೊತ್ತಣ್ಣನಿಗೆ ಹೋದ ಜೀವ ಬಂದಂತಾಯಿತು. ಅತ್ತೆ ಜಾಡಿಯನ್ನು ಎತ್ತಿ ಅಡಿ ನೋಡಿದಳು. ಕಣ್ಣು ಕಿರಿದು ಮಾಡಿ ಮತ್ತೆ ನೋಡಿದಳು. ಪಕ್ಕದ್ದನ್ನು ಎತ್ತಿದಳು, ಅದರ ಪಕ್ಕದ್ದನ್ನೂ. ಎಲ್ಲವೂ ಕನ್ನಡಿಯ ಹಾಗೆ ಹೊಳೆಯುತ್ತಿದ್ದವು.

“ಅವರೇ ಒರೆಸು ಅಂದ್ರು” ಎಂದ ದರ್ಜಿ, ಗೋಡೆ ಬಿಡದೆ. “ನಾನು ಏನೋ ಬರೆದಿದೆ ಅಂತ ಹೇಳೋಕೆ ಹೋದೆ.”

ಕ್ಷೌರಿಕ ತನ್ನ ಅಂಗಡಿಯ ನೆನಪಾಗಿ ಹೊರಟುಹೋದ. ಅತ್ತೆ ತಾನೇ ಮೂಸಿ, ತಿಕ್ಕಿ ಎಂಟನ್ನು ಗುರುತಿಸಿ ಅಜ್ಜಿಗೆ ಪೊಟ್ಟಣ ಕಟ್ಟಿಕೊಟ್ಟಳು. ಅನುಮಾನ ಉಳಿದ ಹದಿನಾಲ್ಕು ಜಾಡಿಗಳ ಎಲೆಯನ್ನು ಗೊತ್ತಣ್ಣ ಒಂದೊಂದಾಗಿ ಹೊತ್ತು ಹಿತ್ತಲ ಗೊಬ್ಬರದ ಗುಂಡಿಗೆ ಸುರಿದ. ಎರಡು ವರ್ಷದ ದುಡಿಮೆ ಮಣ್ಣುಪಾಲಾಗುವುದನ್ನು ನೋಡಲಾರದೆ ಪ್ರತಿ ಸಲವೂ ಮುಖ ತಿರುಗಿಸಿದ. ಕೊನೆಗೆ ಬಂದು ಬೀಗದಕೈಯನ್ನು ಅತ್ತೆಯ ಮುಂದಿಟ್ಟ.

ಅತ್ತೆ ಅದನ್ನು ಅವನ ಕಡೆಗೇ ತಳ್ಳಿದಳು. “ಇಟ್ಕೋ. ಅಜ್ಜಿ ಮುಂದೆ ನನ್ನ ಕೈ ಹಿಡಿದೆಯಲ್ಲ, ಅದಕ್ಕೆ. ನಾಳೆಯಿಂದ ಮೊದಲಿನಿಂದ ಹೇಳಿಕೊಡ್ತೀನಿ, ಬಾಯಿ ಮುಚ್ಕೊಂಡು ಕೇಳು. ಎಲೆ ಕಿತ್ತ ಮೇಲೆ ಎಲ್ಲಕ್ಕಿಂತ ಮೊದಲು ಮಾಡಬೇಕಾದ್ದು ಏನಂದ್ರೆ...”

“ಗೊತ್ತು” ಎಂದಿತು ಗೊತ್ತಣ್ಣನ ಬಾಯಿ, ಅವನಿಗಿಂತ ಮೊದಲೇ.

ಅತ್ತೆ ಅಂಗೈ ಚಾಚಿದಳು. ಅವನು ಬೀಗದಕೈಯನ್ನು ಅದರ ಮೇಲಿಟ್ಟು, ಹೆಂಡತಿ ಬಾಗಿಲಲ್ಲಿ ಕಾಯುತ್ತಿದ್ದ ಮನೆಯ ಕಡೆಗೆ ಸುತ್ತು ದಾರಿ ಹಿಡಿದ.